ರ‍್ಯಾಂಕ್ ಅಂತ ಟೈಪ್ ಮಾಡಿ ನೋಡಿ: ಲಿನಕ್ಸ್ ಬೀಟಾ ಟೆಸ್ಟ್ ಮಾಡೋದರ ಬಗ್ಗೆ

ಮೊದ್ಲಿಗೆ ಪರದೆ ಕಡೆ ನೋಡಿ, ಒಂದೇ ಒಂದು ಪದ ಟೈಪ್ ಮಾಡ್ತೀನಿ. ರ‍್ಯಾಂಕ್. ರ ಅಕ್ಷರ ಪೂರ್ತಿಯಾಗಿ ಮುಂದೆ ನಿಂತಿದೆ, ಅದಕ್ಕೆ ಯ ಒತ್ತು ಬಂದಿದೆ, ರಿಸಲ್ಟ್ ಬಂದಾಗ ಪೇಪರಲ್ಲಿ ಹೆಂಗೆ ಪ್ರಿಂಟ್ ಆಗಿರತ್ತೋ ಹಂಗೆ. ಈಗ ಅದೇ ಪದಾನ ಇನ್ನೊಂದು ಥರ ಟೈಪ್ ಮಾಡ್ತೀನಿ. ರ್ಯಾಂಕ್. ಈಗ ಯಾ ಮುಂದೆ ಬಂತು, ರ ಹೋಗಿ ಅರ್ಕಾವತ್ತಾಗಿ ಅದರ ಹಿಂದೆ ಕೂತ್ಕೊಂತು. ಸೂರ್ಯ, ಕಾರ್ಯ ಅಂತ ಬರೆಯುವಾಗ ನಮಗೆ ಇದೇ ಬೇಕು, ಆದ್ರೆ ರ‍್ಯಾಂಕ್, ರ‍್ಯಾಲಿ ಅಂತ ಬರೆಯುವಾಗ ಮೊದಲನೇದು ಬೇಕು. ಇವೆರಡರ ಮಧ್ಯೆ ಇರೋ ವ್ಯತ್ಯಾಸ ಒಂದೇ ಒಂದು ಕಣ್ಣಿಗೆ ಕಾಣದ ಅಕ್ಷರ, ಝೀರೋ ವಿಡ್ತ್ ಜಾಯ್ನರ್ ಅಂತಾರೆ, ಅದು ರ ಆದ್ಮೇಲೆ, ಹಲಂತಕ್ಕಿಂತ ಮುಂಚೆ ಬಂದು ಕೂತಿರತ್ತೆ.

ಇದನ್ನ ಯಾಕೆ ಮೊದ್ಲೇ ತೋರಿಸಿದೆ ಅಂದ್ರೆ, ಪ್ರತಿ 6 ತಿಂಗಳಿಗೊಂದ್ಸಲ ಉಬುಂಟು, ಫೆಡೋರಾ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳ ಹೊಸ ಆವೃತ್ತಿ ಬರತ್ತೆ, ಅದಕ್ಕಿಂತ ಮುಂಚೆ ಬೀಟಾ ಅಂತ ಪರೀಕ್ಷೆಗೆ ಬಿಡೋ ಆವೃತ್ತಿ ಬರತ್ತೆ, ಆ ಬೀಟಾನ ಪ್ರಪಂಚದ ತುಂಬಾ ಸಾವಿರಾರು ಜನ ಹಾಕ್ಕೊಂಡು ನೋಡ್ತಾರೆ, ವೈಫೈ ಬಂತಾ ನೋಡ್ತಾರೆ, ಸೌಂಡ್ ಬಂತಾ ನೋಡ್ತಾರೆ, ಗೇಮ್ ಓಡ್ತಾ ನೋಡ್ತಾರೆ. ಅವರಲ್ಲಿ ರ‍್ಯಾಂಕ್ ಅಂತ ಟೈಪ್ ಮಾಡಿ ನೋಡೋರು ಯಾರು? ಜರ್ಮನಿಯವರಿಗೆ ಅದು ಗೊತ್ತಿಲ್ಲ, ಗೊತ್ತಿರ್ಬೇಕು ಅಂತಾನೂ ಇಲ್ಲ. ಇಲ್ಲಿ ಕೂತಿರೋ ನೀವು ನೋಡಿದ್ರೆ ಉಂಟು, ಇಲ್ಲದೇ ಇದ್ರೆ ಆ ತಪ್ಪು ಹಂಗೇ ರಿಲೀಸ್ ಆಗಿ 2 ವರ್ಷ, 5 ವರ್ಷ ಎಲ್ಲರ ಮಷಿನಲ್ಲೂ ಕೂತಿರತ್ತೆ. ಇವತ್ತು ನಾನು ಹೇಳಕ್ಕೆ ಬಂದಿರೋದು ಇದೊಂದೇ, ನೀವು ದಿನಾ ಮಾಡೋ ಕೆಲಸಾನ ಬೀಟಾದಲ್ಲಿ ಮಾಡಿ ನೋಡಿ, ಅದೇ ಟೆಸ್ಟಿಂಗು. ಮಿಕ್ಕಿದ್ದೆಲ್ಲ ಅದನ್ನ ಹೆಂಗೆ ಮಾಡೋದು ಅನ್ನೋದರ ಬಗ್ಗೆ.

ನಾನು ಒಂದು ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತೀನಿ, 22 ಮಷಿನ್ ಇದಾವೆ, ಎಲ್ಲದರಲ್ಲೂ ಲಿನಕ್ಸು. ಮಾರ್ಚ್ ಕೊನೆ ಮತ್ತು ಸೆಪ್ಟೆಂಬರ್ ಬಂತು ಅಂದ್ರೆ ನನಗೆ ಬೀಟಾ ಹಾಕೋ ಕಾಲ. ಉಬುಂಟುದು 2004ರ ಅಕ್ಟೋಬರಿಂದ, 2006ರಲ್ಲಿ ಒಂದ್ಸಲ ಜೂನಿಗೆ ಹೋಗಿದ್ದು ಬಿಟ್ರೆ, ಇದೇ ಲೆಕ್ಕ, ಏಪ್ರಿಲ್‌ಗೆ ಒಂದು, ಅಕ್ಟೋಬರ್‌ಗೆ ಒಂದು, ಆವೃತ್ತಿ ನಂಬರಲ್ಲೇ ವರ್ಷ ತಿಂಗಳು ಇರತ್ತೆ, 24.04 ಅಂದ್ರೆ 2024ರ ಏಪ್ರಿಲ್. ಮೊದ್ಲು ಫೀಚರ್ ಫ್ರೀಝ್ ಅಂತ ಒಂದು ದಿನ ಇಡ್ತಾರೆ, ಅವತ್ತಿಂದ ಹೊಸದಾಗಿ ಏನೂ ಸೇರ್ಸಂಗಿಲ್ಲ, ಇರೋದನ್ನ ಸರಿ ಮಾಡ್ಬೇಕು ಅಷ್ಟೇ. ಆಮೇಲೆ ಬೀಟಾ, ಆಮೇಲೆ ಫೈನಲ್ ಫ್ರೀಝ್, ಆಮೇಲೆ ರಿಲೀಸ್. ಬೀಟಾದಿಂದ ರಿಲೀಸಿಗೆ ಮೂರ್ನಾಲ್ಕು ವಾರ ಸಿಗತ್ತೆ, ನಮ್ಮ ಕೆಲಸ ಎಲ್ಲ ಆ ಮೂರ್ನಾಲ್ಕು ವಾರದಲ್ಲೇ. ಮದುವೆ ಮನೇಲಿ ಸಾರಿನ ಉಪ್ಪು ಹುಳಿ ನೋಡೋದು ಮೊದಲ ಪಂಕ್ತಿಗೆ ಬಡಿಸೋಕ್ಕೆ ಮುಂಚೆ ತಾನೆ, ಬಡಿಸಿದ್ಮೇಲೆ ಉಪ್ಪು ಜಾಸ್ತಿ ಆಗಿದೆ ಅಂದ್ರೆ ಭಟ್ಟರು ಏನು ಮಾಡಕ್ಕಾಗತ್ತೆ. ರಿಲೀಸ್ ಆಗಿ ಎರಡು ತಿಂಗಳ ಮೇಲೆ ನೀವು ಎಷ್ಟು ಚೆನ್ನಾಗಿ ಬಗ್, ಅಂದ್ರೆ ದೋಷದ ವರದಿ, ಬರೆದು ಹಾಕಿದ್ರೂ, ಅದು ಸರಿ ಹೋಗೋದು ನಿಧಾನ.

ಫೆಡೋರಾದವರದ್ದು ಇನ್ನೂ ಕಟ್ಟುನಿಟ್ಟು, ನನಗೆ ಅವರ ಪದ್ಧತಿ ತುಂಬಾ ಇಷ್ಟ. ರಿಲೀಸ್ ಕ್ರೈಟೀರಿಯಾ ಅಂತ ಬರೆದಿಟ್ಟಿದಾರೆ, ಇಂತಿಂಥದ್ದು ಕೆಲಸ ಮಾಡದೇ ಇದ್ರೆ ಬಿಡುಗಡೆ ಮಾಡಂಗಿಲ್ಲ ಅಂತ. ಉದಾಹರಣೆಗೆ ಇನ್‌ಸ್ಟಾಲ್ ಆದ್ಮೇಲೆ ಮೆನುವಲ್ಲಿ ಕಾಣೋ ಪ್ರತಿ ಅಪ್ಲಿಕೇಶನ್ನೂ ತೆರ್ಕೋಬೇಕು, ಬೇಸಿಕ್ ಕೆಲಸ ಮಾಡ್ಬೇಕು. ಅದಕ್ಕೆ ಅಡ್ಡ ಬರೋ ದೋಷಕ್ಕೆ ಬ್ಲಾಕರ್ ಅಂತ ಹೆಸರು, ಅದನ್ನ ಬ್ಲಾಕರ್ ಮಾಡಿ ಅಂತ ಯಾರು ಬೇಕಾದ್ರೂ ಕೇಳಬಹುದು, ನೀವೂ ಕೇಳಬಹುದು. ಕೊನೇಲಿ ಗೋ, ನೋ ಗೋ ಅಂತ ಮೀಟಿಂಗ್ ಮಾಡ್ತಾರೆ, ಬ್ಲಾಕರ್ ಉಳ್ಕೊಂಡಿದ್ರೆ ನೋ ಗೋ, ರಿಲೀಸ್ ಮುಂದಕ್ಕೆ. ಫೆಡೋರಾ 18 ಹಿಂಗೇ ಮುಂದಕ್ಕೆ ಹೋಗಿ ಹೋಗಿ 2012ರ ನವೆಂಬರಲ್ಲಿ ಬರ್ಬೇಕಿದ್ದಿದ್ದು 2013ರ ಜನವರಿ 15ಕ್ಕೆ ಬಂತು, ಆ ಸಲ ಇನ್‌ಸ್ಟಾಲರನ್ನ ಹೊಸದಾಗಿ ಬರೆದಿದ್ರು. ಫೆಡೋರಾ 37, ಇಂಟರ್ನೆಟ್ ಸಂಪರ್ಕ ಭದ್ರ ಮಾಡೋ ಓಪನ್‌ಎಸ್‌ಎಸ್‌ಎಲ್ ಅನ್ನೋ ಕೋಡಲ್ಲಿದ್ದ ಒಂದು ಭದ್ರತಾ ದೋಷಕ್ಕೆ ತಿದ್ದುಪಡಿ ಬರ್ತಿದೆ ಅಂತ ಗೊತ್ತಾಗಿ ಕಾದು, 2022ರ ನವೆಂಬರ್ 15ಕ್ಕೆ ಬಂತು. ತಡ ಆಯ್ತು ಅಂತ ಬೈಯೋರು ಇರ್ತಾರೆ, ನಾನು ಬೈಯಲ್ಲ, ಒಡೆದಿರೋದನ್ನ ದಿನಾಂಕ ನೋಡ್ಕೊಂಡು ಬಿಡೋದಕ್ಕಿಂತ ಕಾಯೋದು ಜನಕ್ಕೆ ಕೊಡೋ ಮರ್ಯಾದೆ.

ಈಗ ಒಂದು ಕಥೆ ಹೇಳ್ತೀನಿ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರತ್ತೆ, ಆದ್ರೂ ಹೇಳ್ತೀನಿ ಯಾಕಂದ್ರೆ ಬೀಟಾ ಬಳಸೋರು ಏನು ಮಾಡ್ಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನ್ನ ಹತ್ರ ಇಲ್ಲ. 2024ರ ಮಾರ್ಚ್ ಕೊನೆ. ಆಂಡ್ರೆಸ್ ಫ್ರಾಯಿಂಡ್ ಅಂತ ಒಬ್ರು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೆವಲಪರ್ರು, ಡೆಬಿಯನ್ ಸಿಡ್ ಬಳಸ್ತಿದ್ರು. ಡೆಬಿಯನ್ ಇನ್ನೊಂದು ಲಿನಕ್ಸು, ಸಿಡ್ ಅಂದ್ರೆ ಅದರ ಎಲ್ಲಕ್ಕಿಂತ ಹಸಿ ಆವೃತ್ತಿ, ಇನ್ನೂ ಯಾವುದೂ ಗಟ್ಟಿ ಆಗಿರಲ್ಲ. ಅವರು ಯಾವುದೋ ವೇಗ ಅಳೆಯೋ ಕೆಲಸ ಮಾಡ್ತಿರ್ಬೇಕಾದ್ರೆ ಎಸ್‌ಎಸ್‌ಎಚ್ ಲಾಗಿನ್, ಅಂದ್ರೆ ನೆಟ್‌ವರ್ಕ್ ಮೂಲಕ ಇನ್ನೊಂದು ಮಷಿನ್ ಒಳಗೆ ಹೋಗೋದು, ಸ್ವಲ್ಪ ತಡ ಆಗ್ತಿದೆ ಅನ್ನಿಸ್ತು. ಎಷ್ಟು ತಡ? ಮುಂಚೆ 0.3 ಸೆಕೆಂಡ್ ಹತ್ರ ಆಗ್ತಿದ್ದಿದ್ದು 0.8 ಸೆಕೆಂಡ್ ಆಗ್ತಿತ್ತು. ಅರ್ಧ ಸೆಕೆಂಡು. ನಾವಾಗಿದ್ರೆ ನೆಟ್ ಸ್ಲೋ ಅಂತ ಬಿಟ್ಬಿಡ್ತಿದ್ವಿ. ಅವರು ಬಿಡಲಿಲ್ಲ, ಎಳೆ ಹಿಡ್ಕೊಂಡು ಹೋದ್ರು, ಹೋಗಿ ನೋಡಿದ್ರೆ ಎಕ್ಸ್‌ಝಡ್ ಅನ್ನೋ ಕಂಪ್ರೆಶನ್ ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಮ್‌ಗಳು ಫೈಲ್ ಕುಗ್ಗಿಸೋಕ್ಕೆ ಬಳಸೋ ಕೋಡು, ಅದರ 5.6.0 ಮತ್ತು 5.6.1 ಆವೃತ್ತಿಯಲ್ಲಿ ಯಾರೋ ಬೇಕಂತಲೇ ಹಿಂಬಾಗಿಲು ಇಟ್ಟಿದಾರೆ, ಎಸ್‌ಎಸ್‌ಎಚ್ ಮೂಲಕ ಮಷಿನ್ ಒಳಗೆ ಬರೋಕ್ಕೆ ದಾರಿ. ಮಾರ್ಚ್ 29ಕ್ಕೆ ಅವರು ಅದನ್ನ ಎಲ್ಲರಿಗೂ ತಿಳಿಸಿದ್ರು.

ಆ ಎರಡು ಆವೃತ್ತಿ ಆಗ ಎಲ್ಲೆಲ್ಲಿ ಸೇರಿತ್ತು ಅಂದ್ರೆ ಡೆಬಿಯನ್ ಟೆಸ್ಟಿಂಗು, ಸಿಡ್ಡು, ಫೆಡೋರಾ ರಾಹೈಡ್, ಫೆಡೋರಾ 40ರ ಪೂರ್ವ ಆವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್ ಇಂಥ, ಹೊಸ ಕೋಡು ಮೊದ್ಲು ಸೇರೋ ಕಡೆ. ಡೆಬಿಯನ್ನಿನ ಗಟ್ಟಿ ಆವೃತ್ತಿಯಾದ ಸ್ಟೇಬಲ್‌ಗೆ, ಆಗ ಜನ ಬಳಸ್ತಿದ್ದ ಉಬುಂಟು ಆವೃತ್ತಿಗಳಿಗೆ ಅದು ಇನ್ನೂ ತಲುಪಿರ್ಲಿಲ್ಲ. ಉಬುಂಟು 24.04ರ ಬೀಟಾ ಏಪ್ರಿಲ್ 4ಕ್ಕೆ ಬರ್ಬೇಕಿತ್ತು, ಒಂದು ವಾರ ಮುಂದಕ್ಕೆ ಹಾಕಿ, ಆ ಎಕ್ಸ್‌ಝಡ್ ಸೇರಿದ ಮೇಲೆ ಕಟ್ಟಿದ್ದ ಅಷ್ಟೂ ಪ್ಯಾಕೇಜ್‌ಗಳನ್ನ ತೆಗೆದು ಮತ್ತೆ ಕಟ್ಟಿದ್ರು. ಯೋಚನೆ ಮಾಡಿ, ಆ ಕೋಡು ವರ್ಷಗಟ್ಟಲೆ ಅಪ್‌ಡೇಟ್ ಸಿಗೋ ಏಪ್ರಿಲ್ 25ರ ಎಲ್‌ಟಿಎಸ್ ಆವೃತ್ತಿ ಒಳಗೆ ಹೋಗಿದ್ರೆ? ಎಷ್ಟು ಸರ್ವರ್, ಎಷ್ಟು ಬ್ಯಾಂಕು, ಎಷ್ಟು ಆಸ್ಪತ್ರೆ. ಇದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಮೈ ಝುಂ ಅನ್ನತ್ತೆ. ಫ್ರಾಯಿಂಡ್ ಅವತ್ತು ಹಿಂಬಾಗಿಲು ಹುಡುಕ್ತಾ ಕೂತಿರ್ಲಿಲ್ಲ, ತಮ್ಮ ಕೆಲಸ ಮಾಡ್ತಿದ್ರು, ಅವರಿಗೆ ಗೊತ್ತಿದ್ದಿದ್ದು ನಿನ್ನೆ ಇದು ಹಿಂಗಿರ್ಲಿಲ್ಲ ಅನ್ನೋದು. ಟೆಸ್ಟಿಂಗ್ ಮಾಡೋರು ಒಂದು ಪ್ರಶ್ನೆ ಯಾವಾಗಲೂ ಇಟ್ಕೋಬೇಕು, ಇದು ಮುಂಚೆ ಸರಿ ಇತ್ತಾ? ಇತ್ತು ಅಂದ್ರೆ ಆ ಬಗ್‌ಗೆ ರಿಗ್ರೆಶನ್ ಅಂತಾರೆ, ಡೆವಲಪರ್‌ಗಳು ಎಲ್ಲಕ್ಕಿಂತ ಬೇಗ ಕಿವಿ ಕೊಡೋದು ಅದಕ್ಕೆ.

ಹಾಗಂತ ಇವತ್ತು ಮನೆಗೆ ಹೋಗಿ ಇರೋ ಒಂದು ಲ್ಯಾಪ್‌ಟಾಪಿಗೆ ಬೀಟಾ ಹಾಕ್ಬೇಡಿ. ಇದನ್ನ ಒತ್ತಿ ಹೇಳ್ತೀನಿ. ಕೆಲವು ವರ್ಷದ ಹಿಂದೆ ನಾನು ಇಂಟರ್ನಲ್ ಪ್ರಾಕ್ಟಿಕಲ್ಸ್ ಇದ್ದ ವಾರದಲ್ಲಿ ಲ್ಯಾಬಿನ ಒಂದು ಸಾಲಿನ ಮಷಿನ್‌ಗಳಿಗೆ ಇನ್ನೂ ಟೆಸ್ಟಿಂಗಲ್ಲಿದ್ದ ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಹಾಕಿದೆ, ಒಂದು ಮಷಿನಲ್ಲಿ ಚೆನ್ನಾಗಿ ಓಡಿತ್ತು ಅಂತ ಧೈರ್ಯ. ಬೆಳಿಗ್ಗೆ ಬಂದು ಆನ್ ಮಾಡಿದ್ರೆ 6ರಲ್ಲಿ 4 ಮಷಿನ್ ಪರದೆ ಕಪ್ಪು, ಹೊರಗಡೆ ಹುಡುಗರು ರೆಕಾರ್ಡ್ ಬುಕ್ ಹಿಡ್ಕೊಂಡು ಸಾಲಾಗಿ ನಿಂತಿದಾರೆ. ಮಷಿನ್ ಆನ್ ಆಗುವಾಗ ಬರೋ ಗ್ರಬ್ ಮೆನುವಲ್ಲಿ ಹಳೇ ಕರ್ನಲ್ ಆರಿಸಿದೆ, ಎಲ್ಲ ಎದ್ದು ಕೂತ್ವು, 20 ನಿಮಿಷ ತಡ ಆಯ್ತು ಅಷ್ಟೇ. ಆದ್ರೆ ಆ 20 ನಿಮಿಷ ಆ ಮಕ್ಕಳ ಮುಖ ನಾನು ಮರೆತಿಲ್ಲ, ಪರೀಕ್ಷೆ ಅವರದ್ದು, ಪ್ರಯೋಗ ನಂದು. ಆವತ್ತಿಂದ ಟೆಸ್ಟಿಂಗ್‌ಗೆ ಬೇರೆ ಮಷಿನ್, ಬೇರೆಯವರ ಕೆಲಸ ನಡೀತಿರೋ ಮಷಿನ್ ಮುಟ್ಟಲ್ಲ. ಹಳೇ ಕರ್ನಲ್ ಯಾವತ್ತೂ ಅಳಿಸಲ್ಲ, ನೀವೂ ಅಳಿಸಬೇಡಿ, ಬೂಟ್ ಆಗುವಾಗ ಗ್ರಬ್ ಮೆನು ತರೋದು ಹೆಂಗೆ ಅನ್ನೋದನ್ನ ತೊಂದರೆ ಬರೋಕ್ಕೆ ಮುಂಚೆನೇ ಒಂದ್ಸಲ ಮಾಡಿ ನೋಡ್ಕೊಂಡಿರಿ.

ಫೈಲ್‌ಗಳ ವಿಚಾರವೂ ಅಷ್ಟೇ. 2023ರ ಡಿಸೆಂಬರ್ 9ಕ್ಕೆ ಡೆಬಿಯನ್ 12.3 ಬರ್ಬೇಕಿತ್ತು, ಅದರ ಕರ್ನಲಲ್ಲಿ ಇಎಕ್ಸ್‌ಟಿ4 ಫೈಲ್‌ಸಿಸ್ಟಮಿನ ಡೇಟಾ ಕೆಡಿಸೋ ದೋಷ ಇದೆ ಅಂತ ಕೊನೇ ಗಳಿಗೇಲಿ ಗೊತ್ತಾಗಿ ನಿಲ್ಲಿಸಿ, ಮಾರನೇ ದಿನ ಸರಿ ಮಾಡಿದ ಕರ್ನಲ್ ಹಾಕಿ ನೇರ 12.4 ಅಂತ ಬಿಟ್ರು. ಡೆಬಿಯನ್ ಅಂಥ ಡೆಬಿಯನ್ನು, ಅದರ ಸ್ಟೇಬಲ್ ಶಾಖೆಗೇ ಹಿಂಗಾಗಿದೆ. ಹಾಗಾಗಿ ಟೆಸ್ಟ್ ಮಷಿನಲ್ಲಿ ನಿಮ್ಮ ಮಗುವಿನ ನಾಮಕರಣದ ಫೋಟೋ ಇರಬಾರದು, ಇದ್ರೆ ಇನ್ನೊಂದು ಕಡೆ ಕಾಪಿ ಇರ್ಬೇಕು.

ವರ್ಚುವಲ್ ಮಷಿನಲ್ಲಿ, ಅಂದ್ರೆ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರಾಗಿ ಓಡೋ ಇನ್ನೊಂದು ಕಂಪ್ಯೂಟರಲ್ಲಿ, ಮಾಡಿದ್ರೆ ಸಾಲದಾ ಅಂತ ಕೇಳ್ತಾರೆ. ಶುರು ಮಾಡೋಕ್ಕೆ ಒಳ್ಳೇದೇ, ಇನ್‌ಸ್ಟಾಲರ್ ನೋಡೋಕ್ಕೆ, ಕನ್ನಡ ಟೈಪಿಂಗ್ ನೋಡೋಕ್ಕೆ ಸಾಕು. ಆದ್ರೆ ನಿಜವಾದ ಹಾರ್ಡ್‌ವೇರ್ ಇಲ್ಲದೇ ಸಿಗದೇ ಇರೋ ದೋಷಗಳಿದಾವೆ. 2017ರಲ್ಲಿ ಉಬುಂಟು 17.10 ಬಂದ್ಮೇಲೆ, ಕೆಲವು ಲ್ಯಾಪ್‌ಟಾಪ್ ಮಾಡೆಲ್‌ಗಳಲ್ಲಿ ಅದನ್ನ ಹಾಕಿದ್ಮೇಲೆ ಮಷಿನನ್ನ ಎಬ್ಬಿಸೋ ಬಯಾಸಿನ ಸೆಟಿಂಗ್ ಸೇವ್ ಆಗ್ತಾನೇ ಇಲ್ಲ ಅಂತ ದೂರು ಬಂತು, ಡಿಸೆಂಬರಲ್ಲಿ ಡೌನ್‌ಲೋಡನ್ನೇ ನಿಲ್ಲಿಸ್ಬೇಕಾಯ್ತು. ಕರ್ನಲಲ್ಲಿ ಇಂಟೆಲ್ ಎಸ್‌ಪಿಐ ಅನ್ನೋ ಒಂದು ಡ್ರೈವರ್ ಆನ್ ಆಗಿತ್ತು, ಅದು ಬಯಾಸ್ ಇರೋ ಚಿಪ್ ಜೊತೆ ಮಾತಾಡೋ ಡ್ರೈವರು. ಅದನ್ನ ಆಫ್ ಮಾಡಿ 2018ರ ಜನವರಿ 12ಕ್ಕೆ ಡೌನ್‌ಲೋಡಿಗೆ ಹೊಸ ಐಎಸ್‌ಓ ಫೈಲ್ ಬಿಟ್ರು. ಇಂಥದ್ದು ಯಾವ ವರ್ಚುವಲ್ ಮಷಿನಲ್ಲೂ ಕಾಣಲ್ಲ. ನಿಮ್ಮ ಮನೇಲಿ ಅಟ್ಟದ ಮೇಲೆ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದ್ರೆ ಅದನ್ನ ಮಾರ್ಬೇಡಿ, ಎಕ್ಸ್‌ಚೇಂಜಿಗೆ ಎರಡು ಸಾವಿರ ಬರತ್ತೆ ಅಷ್ಟೇ, ಟೆಸ್ಟಿಂಗಿಗೆ ಅದಕ್ಕಿಂತ ಬೆಲೆ ಇದೆ.

ಸರಿ, ಬೀಟಾ ಹಾಕಿದ್ರಿ. ಈಗ ಏನು ನೋಡ್ಬೇಕು. ಹೆಚ್ಚಿನವರು ಇಲ್ಲೇ ನಿಲ್ಲೋದು. ವಾಲ್‌ಪೇಪರ್ ಚೆನ್ನಾಗಿದೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದ್ರಿ, ಮುಗೀತು. ಹಾಗೆ ಮಾಡ್ಬೇಡಿ. ಒಂದು ದಿನ ಪೂರ್ತಿ ಅದ್ರಲ್ಲೇ ಕೆಲಸ ಮಾಡಿ. ಲ್ಯಾಪ್‌ಟಾಪ್ ಮುಚ್ಚಿ ತೆಗೀರಿ, ವೈಫೈ ತಾನಾಗೇ ವಾಪಸ್ ಬಂತಾ ನೋಡಿ. ಪ್ರೊಜೆಕ್ಟರ್‌ಗೆ ಚುಚ್ಚಿ, ಎಳೀರಿ, ಮತ್ತೆ ಚುಚ್ಚಿ. ಪ್ರಿಂಟ್ ತೆಗೀರಿ, ಕನ್ನಡದ್ದೇ ಒಂದು ಅರ್ಜಿ ಪ್ರಿಂಟ್ ತೆಗೀರಿ. ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ವೀಡಿಯೋ ಕಾಲ್ ಮಾಡಿ, ಮೈಕ್ ಕೇಳಿಸ್ತಾ ಅಂತ ಆ ಕಡೆಯವರನ್ನ ಕೇಳಿ. ಹೊಸದಾಗಿ ಇನ್‌ಸ್ಟಾಲ್ ಮಾಡಿ ನೋಡೋದು ಒಂದು, ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಮಾಡಿ ನೋಡೋದು ಇನ್ನೊಂದು, ಎರಡೂ ಬೇರೆ ಬೇರೆ. 24.04.1 ಬಂದ್ಮೇಲೆ 22.04ನಿಂದ ಅಪ್‌ಗ್ರೇಡ್ ಆಗೋ ದಾರಿ ತೆಗೆದ್ರು, ಆಮೇಲೆ ಅಪ್‌ಗ್ರೇಡ್ ಮಾಡೋ ಟೂಲಲ್ಲೇ ದೊಡ್ಡ ದೋಷ ಕಂಡು ಮತ್ತೆ ನಿಲ್ಲಿಸಿದ್ರು. ನಿಮ್ಮ ಹತ್ರ ಹಳೇ ಆವೃತ್ತಿ, ವರ್ಷಗಟ್ಟಲೆ ಬಳಸಿ ಹತ್ತಾರು ಪ್ಯಾಕೇಜ್ ಹಾಕ್ಕೊಂಡಿರೋ ಮಷಿನ್ ಇದ್ರೆ, ಡಿಸ್ಕಿನ ಕಾಪಿ ತೆಗೆದಿಟ್ಕೊಂಡು ಅದನ್ನ ಅಪ್‌ಗ್ರೇಡ್ ಮಾಡಿ ನೋಡೋದು ತುಂಬಾ ದೊಡ್ಡ ಸಹಾಯ.

ಈಗ ಕನ್ನಡಕ್ಕೆ ಬರ್ತೀನಿ, ನನಗೆ ಹೆಚ್ಚು ಹೊತ್ತು ಬೇಕಾಗಿರೋದು ಇದಕ್ಕೆ. ಇನ್‌ಸ್ಟಾಲರ್ ಶುರುವಲ್ಲೇ ಭಾಷೆ ಕೇಳತ್ತಲ್ಲ, ಅಲ್ಲಿ ಕನ್ನಡ ಆರಿಸಿ. ನಾವ್ಯಾರೂ ಆರಿಸಲ್ಲ, ಅಭ್ಯಾಸಬಲದಿಂದ ಇಂಗ್ಲಿಷ್ ಒತ್ತಿ ಮುಂದೆ ಹೋಗ್ತೀವಿ. ನಾನು ಒಂದ್ಸಲ ಒಂದು ಬೀಟಾದಲ್ಲಿ ಕನ್ನಡ ಆರಿಸಿದೆ. ಕೀಬೋರ್ಡ್ ಲೇಔಟ್ ತಾನಾಗೇ ಕನ್ನಡ ಆಯ್ತು, ಖುಷಿ ಆಯ್ತು. ಮುಂದಿನ ಪರದೇಲಿ ಯೂಸರ್‌ನೇಮ್ ಕೇಳ್ತು, ಅದು ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರ್ಬೇಕು. ಕೀಬೋರ್ಡಲ್ಲಿ ಬರ್ತಿರೋದು ಕನ್ನಡ. ಲೇಔಟ್ ಬದಲಾಯಿಸೋ ಬಟನ್ ಆ ಪರದೇಲಿ ಇಲ್ಲ. ಅಂದ್ರೆ ಕನ್ನಡದಲ್ಲಿ ಇನ್‌ಸ್ಟಾಲ್ ಮಾಡೋಣ ಅಂತ ಪ್ರೀತಿಯಿಂದ ಬಂದವನಿಗೆ ತನ್ನ ಹೆಸರು ಹಾಕೋಕ್ಕೂ ಆಗಲ್ಲ, ಹಿಂದೆ ಹೋಗಿ ಇಂಗ್ಲಿಷೇ ಆರಿಸ್ಬೇಕು. ಇದನ್ನ ನಾನು ವರದಿ ಮಾಡಿದಾಗ ಆ ಕಡೆಯ ಡೆವಲಪರ್ ಬರೆದ ಮೊದಲ ಸಾಲು, ಇಲ್ಲಿ ತನಕ ಕನ್ನಡ ಆರಿಸಿ ನೋಡಿದೋರು ಇದ್ದಂಗಿಲ್ಲ ಅಂತ. ರಿಲೀಸಿಗೆ ಮುಂಚೆ ಆ ಪರದೆಗೆ ಬಟನ್ ಬಂತು. ಅದು ಬಂದಿದ್ದು ನಮಗೆ ಮಾತ್ರ ಅಲ್ಲ, ತೆಲುಗಿನವರಿಗೆ, ತಮಿಳಿನವರಿಗೆ, ಗ್ರೀಕಿನವರಿಗೆ ಎಲ್ಲರಿಗೂ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಬೂಟ್ ಆಗುವಾಗ ಪಾಸ್‌ವರ್ಡ್ ಕೇಳೋ ಪರದೆ, ಆಮೇಲೆ ಲಾಕ್ ಸ್ಕ್ರೀನ್, ಇವೆರಡು ಕಡೆನೂ ಇದನ್ನ ತಪ್ಪದೇ ನೋಡಿ.

ಇನ್ನೊಂದು ದೋಷ ಹೇಳ್ತೀನಿ, ಇದನ್ನ ಹಿಡಿಯೋಕ್ಕೆ ನನಗೆ ಎರಡು ಸಂಜೆ ಬೇಕಾಯ್ತು. ಒಂದು ಬೀಟಾದಲ್ಲಿ ಕನ್ನಡದಲ್ಲಿ ಮೆಸೇಜ್ ಟೈಪ್ ಮಾಡಿ ಮೌಸಲ್ಲಿ ಕಳಿಸು ಬಟನ್ ಒತ್ತಿದ್ರೆ ಕೊನೇ ಅಕ್ಷರ ಮಾಯ. ಬರ್ತೀನಿ ಅಂತ ಹೊಡೆದ್ರೆ ಬರ್ತೀ ಅಂತ ಹೋಗೋದು. ಎಂಟರ್ ಒತ್ತಿದ್ರೆ ಸರಿ ಇರೋದು, ಮೌಸಲ್ಲಿ ಒತ್ತಿದ್ರೆ ಮಾತ್ರ ಹಿಂಗೆ. ನಮ್ಮಲ್ಲಿ ಲೇಔಟ್ ಎರಡು ದಾರೀಲಿ ಬರತ್ತೆ. ಸಿಸ್ಟಮ್ ಒಳಗೇ ಇರೋ ಎಕ್ಸ್‌ಕೆಬಿ ಲೇಔಟು, ಅದರಲ್ಲಿ ಕಗಪ ಇದೆ, ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶ ಬಳಸಿದೋರಿಗೆಲ್ಲ ಕೈಗೆ ಕೂತಿರೋ ವಿನ್ಯಾಸ. ಇನ್ನೊಂದು ಐಬಸ್ ಮತ್ತು ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಮೂಲಕ ಬರೋದು, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸೋ ಟ್ರಾನ್ಸ್‌ಲಿಟರೇಶನ್ ಥರದ್ದು. ಎರಡನೇದರಲ್ಲಿ ನೀವು ಒತ್ತಿದ ತಕ್ಷಣ ಅಕ್ಷರ ಅಪ್ಲಿಕೇಶನ್‌ಗೆ ಹೋಗಲ್ಲ, ಕೆಳಗೆ ಒಂದು ಗೆರೆ ಎಳ್ಕೊಂಡು ಕಾಯ್ತಾ ಇರತ್ತೆ, ಮುಂದಿನ ಕೀ ಬಂದ್ಮೇಲೆ ಗಟ್ಟಿ ಆಗತ್ತೆ. ಯಾಕಂದ್ರೆ ನ ಆದ್ಮೇಲೆ ನಿ ಬರತ್ತೋ ನೀ ಬರತ್ತೋ ಅದಕ್ಕೆ ಗೊತ್ತಿರಲ್ಲ. ಹಾಗೆ ಕಾಯ್ತಾ ಇರೋ ಅಕ್ಷರಾನ ಮೌಸ್ ಕ್ಲಿಕ್ ಆದಾಗ ಆ ಬೀಟಾ ಎಸೆದು ಬಿಡ್ತಿತ್ತು. ನಾನು ಅದೇ ವಾಕ್ಯಾನ ಎಕ್ಸ್‌ಕೆಬಿ ಕಗಪದಲ್ಲಿ ಹೊಡೆದೆ, ಅಕ್ಷರ ಉಳೀತು. ಎಂ17ಎನ್ನಲ್ಲಿ ಹೊಡೆದೆ, ಹೋಯ್ತು. ಆಮೇಲೆ ಪರದೆ ಮೂಡಿಸೋ ಹಳೇ ವ್ಯವಸ್ಥೆಯಾದ ಎಕ್ಸ್ ಸೆಶನ್‌ಗೆ ಲಾಗಿನ್ ಆಗಿ ಹೊಡೆದೆ, ಉಳೀತು, ಹೊಸ ವ್ಯವಸ್ಥೆಯಾದ ವೇಲ್ಯಾಂಡಲ್ಲಿ ಹೋಯ್ತು. ಈ ನಾಲ್ಕು ಸಾಲು ಬರೆದು ಕಳಿಸಿದೆ. ಮೂರನೇ ದಿನಕ್ಕೆ ಅದೇ ತೊಂದರೆ ನಮಗೂ ಆಗ್ತಿದೆ ಅಂತ ಜಪಾನೀ ಭಾಷೆಯಲ್ಲಿ ಟೈಪ್ ಮಾಡೋರೊಬ್ರು ಬಂದು ಸೇರ್ಕೊಂಡ್ರು. ಅವರಲ್ಲೂ ಅಕ್ಷರ ಕಾಯ್ತಾ ಇರತ್ತೆ. ಇಬ್ಬರೂ ಸೇರಿ ದೂರು ಕೊಟ್ಟಿದ್ದಕ್ಕೆ ಅದು ಬೇಗ ಸರಿ ಹೋಯ್ತು ಅಂತ ನಾನು ನಂಬಿದೀನಿ.

ಇಲ್ಲೊಂದು ಮಾತು. ಬಗ್ ಬರೆಯೋದು ಅಂದ್ರೆ ಕನ್ನಡ ಬರ್ತಿಲ್ಲ ಸರಿ ಮಾಡಿ ಅಂತ ಬರೆಯೋದಲ್ಲ. ಆ ಕಡೆ ಕೂತಿರೋರಿಗೆ ಕನ್ನಡ ಓದೋಕ್ಕೆ ಬರಲ್ಲ, ಸರಿ ಯಾವುದು ತಪ್ಪು ಯಾವುದು ಅಂತ ಅವರಿಗೆ ಕಾಣಲ್ಲ, ಎರಡೂ ಅವರ ಕಣ್ಣಿಗೆ ಸುರುಳಿ ಸುರುಳಿ ಗೆರೆ. ಅದಕ್ಕೆ ನಾನು ಎರಡು ಚಿತ್ರ ಅಕ್ಕಪಕ್ಕ ಹಾಕ್ತೀನಿ, ಹಳೇ ಆವೃತ್ತೀಲಿ ತೆಗೆದಿದ್ದು, ಬೀಟಾದಲ್ಲಿ ತೆಗೆದಿದ್ದು, ತಪ್ಪಿರೋ ಜಾಗಕ್ಕೆ ಕೆಂಪು ವೃತ್ತ. ಕೆಳಗೆ ಆ ಪದದ ಅಕ್ಷರಗಳನ್ನ ಯೂನಿಕೋಡ್ ನಂಬರಲ್ಲಿ ಒಂದೊಂದಾಗಿ ಬರೀತೀನಿ, ರ, ಜಾಯ್ನರ್, ಹಲಂತ, ಯ ಅಂತ. ಆಗ ಅವರಿಗೆ ಕನ್ನಡ ಬರದೇ ಇದ್ರೂ ಅದೇ ಸಾಲು ಕಾಪಿ ಮಾಡಿ ತಮ್ಮ ಮಷಿನಲ್ಲಿ ನೋಡಬಹುದು. ಆಮೇಲೆ ತಪ್ಪು ಯಾರದ್ದು ಅಂತ ಸ್ವಲ್ಪ ನೀವೇ ಹುಡುಕಿ ಕೊಟ್ರೆ ಅರ್ಧ ಕೆಲಸ ಆದಂಗೆ. ಅದೇ ಪದಾನ ನೋಟೋ ಸಾನ್ಸ್ ಕನ್ನಡದಲ್ಲಿ ನೋಡಿ, ಲೋಹಿತ್ ಕನ್ನಡದಲ್ಲಿ ನೋಡಿ. ಒಂದರಲ್ಲಿ ಮಾತ್ರ ಕೆಟ್ಟಿದ್ರೆ ಫಾಂಟಿನ ತಪ್ಪು. ಎಲ್ಲ ಫಾಂಟಲ್ಲೂ ಕೆಟ್ಟಿದ್ರೆ ಒತ್ತು, ಗುಣಿತ ಎಲ್ಲಾನೂ ಜೋಡ್ಸೋ ಹಾರ್ಫ್‌ಬಝ್ ಅನ್ನೋ ಲೈಬ್ರರಿ ಕಡೆ ನೋಡ್ಬೇಕು. ಪರದೆ ಮೇಲೆ ಸರಿ ಇದ್ದು ಪಿಡಿಎಫ್ ಮಾಡಿದಾಗ ಕೆಟ್ರೆ ಅದು ಮೂರನೇ ಜಾಗ. ತಪ್ಪು ಜಾಗಕ್ಕೆ ದೂರು ಕೊಟ್ರೆ ತಾಲ್ಲೂಕು ಆಫೀಸಲ್ಲಿ ಫೈಲ್ ಟೇಬಲ್ಲಿಂದ ಟೇಬಲ್ಲಿಗೆ ತಿರುಗಿದಂಗೆ ತಿರುಗ್ತಾ ಇರತ್ತೆ.

ಉಬುಂಟುದಲ್ಲಾದ್ರೆ ಟರ್ಮಿನಲಲ್ಲಿ ಉಬುಂಟು-ಬಗ್ ಅಂತ ಹೊಡೆದು ಪಕ್ಕದಲ್ಲಿ ಪ್ಯಾಕೇಜ್ ಹೆಸರು ಕೊಟ್ರೆ, ಆವೃತ್ತಿ, ಲಾಗು, ಹಾರ್ಡ್‌ವೇರ್ ವಿವರ ಎಲ್ಲ ತಾನೇ ಜೋಡಿಸ್ಕೊಂಡು, ಉಬುಂಟು ದೋಷಗಳನ್ನ ದಾಖಲಿಸೋ ಲಾಂಚ್‌ಪ್ಯಾಡ್ ತಾಣಕ್ಕೆ ಕಳಿಸತ್ತೆ. ಕಳಿಸೋ ಮುಂಚೆ ಅದರಲ್ಲಿ ಏನೇನಿದೆ ನೋಡಿ, ನಿಮ್ಮ ಖಾಸಗಿ ವಿಚಾರ ಇದ್ರೆ ತೆಗೀರಿ. ಮಷಿನ್ ಹ್ಯಾಂಗ್ ಆಗಿ ರೀಬೂಟ್ ಮಾಡಿದ್ರೆ ಹಿಂದಿನ ಸಲದ ಲಾಗ್ ಎಲ್ಲೂ ಹೋಗಿರಲ್ಲ, ಜರ್ನಲ್‌ಸಿಟಿಎಲ್ ಅನ್ನೋ ಕಮಾಂಡಿಗೆ ಹಿಂದಿನ ಬೂಟಿಂದು ತೋರಿಸು ಅಂದ್ರೆ ತೋರಿಸತ್ತೆ, ಆಮೇಲೆ ಡೆಮೋದಲ್ಲಿ ಮಾಡಿ ತೋರಿಸ್ತೀನಿ.

ಬೀಟಾ ಹಾಕೋಷ್ಟು ಪುರುಸೊತ್ತಿಲ್ಲ ಅನ್ನೋರಿಗೆ ಇನ್ನೊಂದು ದಾರಿ ಇದೆ. ರಿಲೀಸ್ ಆದ್ಮೇಲೂ ಅಪ್‌ಡೇಟ್‌ಗಳು ಬರ್ತಾನೇ ಇರ್ತವಲ್ಲ, ಅವೂ ಎಲ್ಲರಿಗೂ ಹೋಗೋಕ್ಕೆ ಮುಂಚೆ ಒಂದು ಕಡೆ ಕಾಯ್ತಿರ್ತವೆ. ಫೆಡೋರಾದಲ್ಲಿ ಅದಕ್ಕೆ ಅಪ್‌ಡೇಟ್ಸ್ ಟೆಸ್ಟಿಂಗ್ ಅಂತ ಹೆಸರು, ಬೋಧಿ ಅನ್ನೋ ಕಡೆ ಹೋಗಿ ನೀವು ಹಾಕಿ ನೋಡಿ ಸರಿ ಇದ್ರೆ ಪ್ಲಸ್ ಒಂದು, ಕೆಟ್ಟಿದ್ರೆ ಮೈನಸ್ ಒಂದು ಕೊಡ್ತೀರಿ, ಅದಕ್ಕೆ ಕರ್ಮ ಅಂತಾನೇ ಕರೀತಾರೆ. ಸಾಕಷ್ಟು ಪ್ಲಸ್ ಬಂದ್ರೆ ಮುಂದೆ ಹೋಗತ್ತೆ, ಮೈನಸ್ ಜಾಸ್ತಿ ಆದ್ರೆ ನಿಲ್ಲತ್ತೆ. ಉಬುಂಟುದಲ್ಲಿ ಪ್ರಪೋಸ್ಡ್ ಅಂತ ಹೆಸರು. ಅಲ್ಲಿಂದ ಆಚೆ ಬಂದ್ಮೇಲೂ ಒಂದೇ ಸಲಕ್ಕೆ ಎಲ್ಲರಿಗೂ ಕೊಡಲ್ಲ, ಮೊದ್ಲು ಸ್ವಲ್ಪ ಮಷಿನ್‌ಗಳಿಗೆ ಕೊಟ್ಟು, ಕ್ರ್ಯಾಶ್ ವರದಿ ಜಾಸ್ತಿ ಬಂದ್ರೆ ಅಲ್ಲೇ ನಿಲ್ಲಿಸ್ತಾರೆ. ಅಪ್‌ಡೇಟ್ ಇದೆ ಅಂತ ತೋರಿಸ್ತಿದೆ ಆದ್ರೆ ಇನ್‌ಸ್ಟಾಲ್ ಆಗ್ತಿಲ್ಲ, ನನ್ನ ಸಿಸ್ಟಮ್ ಕೆಟ್ಟಿದೆಯಾ ಅಂತ ಎಷ್ಟೋ ಜನ ಫೋನ್ ಮಾಡ್ತಾರೆ. ಕೆಟ್ಟಿಲ್ಲ, ನಿಮ್ಮ ಸರದಿ ಇನ್ನೂ ಬಂದಿಲ್ಲ, ಎರಡು ದಿನ ಬಿಡಿ ಅಂತೀನಿ.

ಇಷ್ಟೆಲ್ಲ ಇದ್ದೂ ತಪ್ಪಿಸ್ಕೊಳ್ಳೋ ದೋಷ ಇರತ್ತೆ. 2025ರ ಅಕ್ಟೋಬರಲ್ಲಿ ಬಂದ ಉಬುಂಟು 25.10ರಲ್ಲಿ ಹಳೇ ಕಾಲದಿಂದ ಇದ್ದ ಕೋರ್‌ಯುಟಿಲ್ಸ್ ಅನ್ನೋ ಮೂಲ ಕಮಾಂಡ್‌ಗಳ ಬದಲು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದಿದ್ದನ್ನ ಹಾಕಿದ್ರು. ಅದರಲ್ಲಿ ಡೇಟ್ ಅನ್ನೋ ಕಮಾಂಡು, ಒಂದು ಫೈಲ್ ಕೊನೇ ಸಲ ಯಾವಾಗ ಬದಲಾಯ್ತು ಅಂತ ಕೇಳಿದ್ರೆ ಆ ಸಮಯ ಹೇಳೋ ಬದಲು ಈಗಿನ ಸಮಯಾನೇ ಹೇಳ್ತಿತ್ತು. ಎರರ್ ಇಲ್ಲ, ಏನಿಲ್ಲ. ಹಿನ್ನೆಲೆಯಲ್ಲಿ ಅಪ್‌ಡೇಟ್ ಹುಡುಕೋ ಸ್ಕ್ರಿಪ್ಟು ಅದನ್ನ ನಂಬಿ, ಓ ಈಗ ತಾನೇ ನೋಡಿದೀನಿ, ಮತ್ತೆ ನೋಡೋದು ಬೇಡ ಅಂತ ಸುಮ್ಮನಾಗ್ತಿತ್ತು. ಕೈಯಲ್ಲಿ ಎಪಿಟಿ ಅಪ್‌ಡೇಟ್ ಅನ್ನೋ ಕಮಾಂಡ್ ಹೊಡೆದ್ರೆ ಎಲ್ಲ ಬರ್ತಿತ್ತು, ತಾನಾಗೇ ಮಾತ್ರ ನೋಡ್ತಿರ್ಲಿಲ್ಲ. ನಾನೂ ಆ ಬೀಟಾ ಹಾಕಿದ್ದೆ, ನನಗೂ ಕಾಣಲಿಲ್ಲ, ಯಾಕಂದ್ರೆ ಟೆಸ್ಟ್ ಮಾಡೋರೆಲ್ಲ ದಿನಾ ಕೈಯಲ್ಲೇ ಅಪ್‌ಡೇಟ್ ಹೊಡೀತೀವಿ. ಅದಾದ್ಮೇಲೆ ಈಗ ಒಂದು ಮಷಿನನ್ನ ಬೀಟಾ ಹಾಕಿ ಒಂದು ವಾರ ಏನೂ ಮುಟ್ಟದೇ ಬಿಡ್ತೀನಿ, ನಮ್ಮ ಕಾಲೇಜಿನ ಆಫೀಸಲ್ಲಿರೋ ಅಕ್ಕ ಹೆಂಗೆ ಬಳಸ್ತಾರೋ ಹಂಗೆ, ಆನ್ ಮಾಡೋದು, ಕೆಲಸ ಮಾಡೋದು, ಆಫ್ ಮಾಡೋದು. ವಾರದ ಮೇಲೆ ನೋಡ್ತೀನಿ, ಅದಾಗೇ ಏನೇನು ಆಗ್ಬೇಕಿತ್ತೋ ಆಗಿದೆಯಾ ಅಂತ.

ಪ್ರೋಗ್ರಾಮಿಂಗ್ ಬರ್ಬೇಕಾ ಅಂತ ಹಿಂದಿನ ಸಾಲಲ್ಲಿ ಒಬ್ರು ಮೇಡಂ ಕೇಳಿದ್ರು, ಪ್ರೈಮರಿ ಸ್ಕೂಲ್ ಟೀಚರಂತೆ. ಬೇಡ ಮೇಡಂ. ನೀವು ಮಕ್ಕಳ ಹಾಜರಾತಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಮಾಡ್ತೀರಲ್ಲ, ಲಿಬ್ರೆಆಫೀಸಲ್ಲಿ ಅದೇ ಪ್ರಶ್ನೆಪತ್ರಿಕೆ ಬೀಟಾದಲ್ಲಿ ತೆಗೆದು, ಕೋಷ್ಟಕ ಸರಿ ಇದೆಯಾ, ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಕತ್ತರಿಸಿದೆಯಾ, ಅಕಾರಾದಿಯಾಗಿ ಹೆಸರು ಜೋಡಿಸಿದ್ರೆ ಅನಿತಾ ಆದ್ಮೇಲೆ ಆಶಾ ಬಂದ್ಲಾ, ಳಕಾರ ಕೊನೇಲಿ ಬಂತಾ ಅಂತ ನೋಡಿ. ಇಷ್ಟನ್ನ ನಾನು ನೋಡೋದಕ್ಕಿಂತ ನೀವು ಚೆನ್ನಾಗಿ ನೋಡ್ತೀರಿ. ಬರೆಯೋಕ್ಕೆ ಇಂಗ್ಲಿಷ್ ತೊಡಕು ಅನ್ನಿಸಿದ್ರೆ ಕನ್ನಡದಲ್ಲಿ ಬರೆದು ನನಗೆ ಕಳಿಸಿ, ಜೊತೇಲಿ ಕೂತು ಹಾಕೋಣ.

ಇನ್ನು ಡೆಮೋ. 4 ಪೆನ್‌ಡ್ರೈವ್ ತಂದಿದೀನಿ, ಎರಡರಲ್ಲಿ ಉಬುಂಟು, ಎರಡರಲ್ಲಿ ಫೆಡೋರಾ. ಟ್ರೈ ಅಂತ ಬರತ್ತೆ, ಅದನ್ನೇ ಒತ್ತಿ, ಇನ್‌ಸ್ಟಾಲ್ ಒತ್ತಬೇಡಿ, ಡಿಸ್ಕಿಗೆ ಏನೂ ಆಗಲ್ಲ. ಭಾಷೆ ಕೇಳಿದಾಗ ಕನ್ನಡ ಆರಿಸಿ. ಟೆಕ್ಸ್ಟ್ ಎಡಿಟರ್ ತೆಗೆದು ನಿಮ್ಮ ಹೆಸರು, ನಿಮ್ಮ ಊರಿನ ಹೆಸರು, ಆಮೇಲೆ ರ‍್ಯಾಂಕ್ ಅಂತ ಟೈಪ್ ಮಾಡಿ, ಏನಾದ್ರೂ ಕೆಟ್ಟು ಕಂಡ್ರೆ ಮುಚ್ಚಬೇಡಿ, ಹಂಗೇ ಬಿಟ್ಟು ನನ್ನ ಕರೀರಿ.